ಉರುಳುವ ಕಲ್ಲಿನ ಗಾದೆಯನ್ನು ರಾಕ್ ಸಂಗೀತಕ್ಕೆ ಕೊಟ್ಟವರು ಯಾರು?

ಪ್ರಶ್ನೆ: ನನ್ನ ಮಗ ಮತ್ತೊಮ್ಮೆ ಕೆಲಸ ಬಿಟ್ಟು ಬೇರೆ ಊರಿಗೆ ಹೊರಟಿದ್ದಾನೆ. ‘ಉರುಳುವ ಕಲ್ಲಿಗೆ ಪಾಚಿ ಕಟ್ಟುವುದಿಲ್ಲ’ ಎಂದು ಬುದ್ಧಿ ಹೇಳಿದೆ. ಅವನು ತನ್ನ ಅಂಗಿಯ ಮೇಲಿನ ಕೆಂಪು ನಾಲಿಗೆಯ ಚಿತ್ರ ತೋರಿಸಿ, ‘ಅಪ್ಪಾ, ಅದು ಬೈಗುಳವಲ್ಲ, ಹೊಗಳಿಕೆ’ ಎಂದ. ಒಂದು ಬ್ಯಾಂಡು, ಬಾಬ್ ಡಿಲನ್ ಅವರ ಒಂದು ಹಾಡು, ಅಮೆರಿಕದ ಒಂದು ಪತ್ರಿಕೆ, ಮೂರಕ್ಕೂ ಈ ಗಾದೆಯೇ ಮೂಲ ಎನ್ನುತ್ತಾನೆ. ಇದು ನಿಜವೇ? ನಮ್ಮಿಬ್ಬರಲ್ಲಿ ಯಾರ ಅರ್ಥ ಸರಿ? (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಉತ್ತರ: ನಿಮ್ಮ ಮಗ ಹೇಳುವ ಬ್ಯಾಂಡು ‘ರೋಲಿಂಗ್ ಸ್ಟೋನ್ಸ್’, ಅಮೆರಿಕದ ಗಾಯಕ ಡಿಲನ್ ಅವರ ಹಾಡು ‘ಲೈಕ್ ಎ ರೋಲಿಂಗ್ ಸ್ಟೋನ್’, ಪತ್ರಿಕೆ ‘ರೋಲಿಂಗ್ ಸ್ಟೋನ್’. ಇಂಗ್ಲಿಷಿನ ಆ ಮಾತಿನ ಅರ್ಥ ಉರುಳುವ ಕಲ್ಲು ಎಂದೇ. ಗಾದೆಯ ಮಟ್ಟಿಗೆ ನೀವು ಹೇಳಿದ ಅರ್ಥವೇ ಹಳೆಯದು. ಒಂದೆಡೆ ನೆಲೆ ನಿಲ್ಲದವನಿಗೆ ಆಸ್ತಿಯಾಗಲಿ, ಸ್ನೇಹವಾಗಲಿ, ಹೆಸರಾಗಲಿ ಕೂಡಿಬರುವುದಿಲ್ಲ ಎಂಬ ಎಚ್ಚರಿಕೆ ಅದು. ನಿಮ್ಮ ಮಗ ಹೇಳಿದ ಅರ್ಥವೂ ಇಂದು ಚಲಾವಣೆಯಲ್ಲಿದೆ: ಸದಾ ಚಲಿಸುವವನಿಗೆ ಜಡತ್ವ ಅಂಟುವುದಿಲ್ಲ. ಆದರೆ ಈ ಎರಡನೆಯ ಅರ್ಥವನ್ನು ರಾಕ್ ತಾರೆಯರು ಹುಟ್ಟಿಸಿದರು ಎಂದು ಅವನು ತಿಳಿದಿದ್ದರೆ ಅದು ಸರಿಯಲ್ಲ. ಗಾದೆಯ ಮುಖವನ್ನು ತಿರುಗಿಸಿದವರು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನ. ರಾಕ್ ಸಂಗೀತದ ಕಥೆ ಹೇಳುವಾಗ ಅವರನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುವ ರೂಢಿ ಬೆಳೆದಿದೆ. ಅದು ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ನನ್ನ ಉತ್ತರದ ಹೆಚ್ಚಿನ ಭಾಗ ಅವರ ಬಗ್ಗೆಯೇ ಇದೆ.

ಗಾದೆಯ ಹಳೆಯ ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. ರೋಮಿನ ಪಬ್ಲಿಲಿಯಸ್ ಸೈರಸ್ ಎಂಬ ನಾಟಕಕಾರನ ಹೆಸರಿಗೆ ಇದನ್ನು ಹಚ್ಚುವುದುಂಟು, ಆದರೆ ಅದಕ್ಕೆ ಗಟ್ಟಿ ಆಧಾರವಿಲ್ಲ. ಹದಿನಾರನೆಯ ಶತಮಾನದ ಡಚ್ ವಿದ್ವಾಂಸ ಎರಾಸ್ಮಸ್ ತನ್ನ ಗಾದೆಗಳ ಬೃಹತ್ ಸಂಗ್ರಹದಲ್ಲಿ ಇದರ ಗ್ರೀಕ್ ಮತ್ತು ಲ್ಯಾಟಿನ್ ರೂಪಗಳನ್ನು ಕೊಟ್ಟಿದ್ದಾನೆ. 1546ರಲ್ಲಿ ಜಾನ್ ಹೇವುಡ್ ಪ್ರಕಟಿಸಿದ ಇಂಗ್ಲಿಷ್ ಗಾದೆಗಳ ಪುಸ್ತಕದಲ್ಲಿ ಇದು ಹೆಚ್ಚುಕಡಿಮೆ ಇಂದಿನ ರೂಪದಲ್ಲೇ ಸಿಗುತ್ತದೆ.

ಇಲ್ಲಿ ಇನ್ನೊಂದು ಇಸವಿಯನ್ನೂ ನೋಡಬೇಕು. ಹೇವುಡ್‌ನ ಪುಸ್ತಕ ಬಂದ ಮರುವರ್ಷ, 1547ರಲ್ಲಿ, ಇಂಗ್ಲೆಂಡಿನಲ್ಲಿ ಅಲೆಮಾರಿಗಳ ವಿರುದ್ಧ ಒಂದು ಕ್ರೂರ ಕಾನೂನು ಬಂತು. ಕೆಲಸವಿಲ್ಲದೆ ತಿರುಗುವವನ ಮೈಗೆ ಬರೆ ಹಾಕಿ ಎರಡು ವರ್ಷ ಗುಲಾಮನನ್ನಾಗಿ ಮಾಡಲು ಅದು ಅವಕಾಶ ಕೊಟ್ಟಿತ್ತು. ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೆ ಕೂಲಿಕಾರರು ಹೆಚ್ಚಿನ ಕೂಲಿಗಾಗಿ ಊರು ಬಿಟ್ಟು ಹೋಗದಂತೆ ತಡೆಯುವ ಕಾನೂನುಗಳು ಅಲ್ಲಿ 1351ರಿಂದಲೇ, ಅಂದರೆ ಪ್ಲೇಗು ಜನಸಂಖ್ಯೆಯನ್ನು ನುಂಗಿದ ಕಾಲದಿಂದಲೇ, ಇದ್ದವು. ಹೀಗಾಗಿ ‘ಇದ್ದಲ್ಲೇ ಇರು’ ಎಂಬುದು ಅಜ್ಜಿಯ ಹಿತವಚನ ಮಾತ್ರವಾಗಿರಲಿಲ್ಲ, ಜಮೀನುದಾರನ ಅನುಕೂಲವೂ ಆಗಿತ್ತು ಎಂಬುದು ನನ್ನ ಅಭಿಪ್ರಾಯ. ಈ ಗಾದೆ ಮುಂದೆ ಅಟ್ಲಾಂಟಿಕ್ ದಾಟಿದಾಗ ಏನಾಯಿತು ಎಂಬುದನ್ನು ಅರ್ಥಮಾಡಿಕೊಳ್ಳಲು ಇದನ್ನು ನೆನಪಿನಲ್ಲಿಡಬೇಕು.

ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ರದ್ದಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಮಿಸಿಸಿಪ್ಪಿ ರಾಜ್ಯ ಹೊಸ ಕಾನೂನು ತಂದಿತು. ಮುಂದಿನ ಜನವರಿಯ ಎರಡನೆಯ ಸೋಮವಾರದ ಹೊತ್ತಿಗೆ ಯಾವ ಕಪ್ಪು ಮನುಷ್ಯನ ಬಳಿ ಕೆಲಸವಿಲ್ಲವೋ ಅವನು ಅಲೆಮಾರಿ ಎನಿಸಿಕೊಳ್ಳುತ್ತಿದ್ದ. ಅವನಿಗೆ ದಂಡ. ದಂಡ ಕಟ್ಟಲಾಗದಿದ್ದರೆ ಅದನ್ನು ಕಟ್ಟುವ ಧಣಿಯ ಬಳಿ ಜೀತ. ಮುಂದೆ ಕಾನೂನಿನ ಮಾತುಗಳು ಬದಲಾದವು, ಹಿಡಿತ ಸಡಿಲಲಿಲ್ಲ. ಧಣಿಯ ನೆಲದಲ್ಲಿ ಹತ್ತಿ ಬೆಳೆದು ಅರ್ಧ ಪಾಲು ಕೊಡುವ ಪದ್ಧತಿ ನಿಂತಿತು. ಬಿತ್ತನೆ ಬೀಜ, ಹಿಟ್ಟು, ಬಟ್ಟೆ ಎಲ್ಲವೂ ಧಣಿಯ ಅಂಗಡಿಯಿಂದಲೇ ಸಾಲವಾಗಿ ಬರುತ್ತಿದ್ದವು, ವರ್ಷದ ಕೊನೆಗೆ ಲೆಕ್ಕ ಬರೆಯುವವನೂ ಅವನೇ. ಸಾಲ ತೀರದೆ ಊರು ಬಿಟ್ಟರೆ ಷೆರಿಫ್, ಅಂದರೆ ಅಲ್ಲಿನ ಪೊಲೀಸ್ ಅಧಿಕಾರಿ, ಬೆನ್ನು ಹತ್ತುತ್ತಿದ್ದ.

ಇಂಥವರಿಗೆ ‘ನೆಲೆ ನಿಂತರೆ ಪಾಚಿ ಕಟ್ಟುತ್ತದೆ’ ಎಂದು ಹೇಳಿ ನೋಡಿ. ಮೂರು ತಲೆಮಾರು ಒಂದೇ ಹೊಲದಲ್ಲಿ ನಿಂತು ದುಡಿದರೂ ಅವರಿಗೆ ಕೂಡಿಬಂದದ್ದು ಸಾಲ ಮಾತ್ರ. ಗಾದೆ ಕೊಟ್ಟ ಭರವಸೆ ಅವರ ಬದುಕಿನಲ್ಲಿ ಸುಳ್ಳಾಗಿತ್ತು. ಆದ್ದರಿಂದ ಈ ಜನ ಕಟ್ಟಿದ ಬ್ಲೂಸ್ ಎಂಬ ಹಾಡುಗಳಲ್ಲಿ ರೈಲು, ದಾರಿ, ಸೂಟ್‌ಕೇಸು, ನಸುಕಿಗೇ ಎದ್ದು ಹೊರಡುವ ಗಂಡಸು ಮತ್ತೆ ಮತ್ತೆ ಬರುತ್ತಾರೆ. ಅದನ್ನು ಅಲೆಮಾರಿತನದ ಶೋಕಿ ಎಂದು ಓದುವುದು ದೊಡ್ಡ ತಪ್ಪು. ಹೊರಟುಹೋಗುವುದು ಅವರ ಕೈಯಲ್ಲಿದ್ದ ಕೆಲವೇ ಕೆಲವು ಸ್ವಾತಂತ್ರ್ಯಗಳಲ್ಲಿ ಒಂದು. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಅಮೆರಿಕನ್ನರು ದಕ್ಷಿಣದ ರಾಜ್ಯಗಳನ್ನು ತೊರೆದರು. ಚರಿತ್ರೆಕಾರರು ಅದನ್ನು ಮಹಾವಲಸೆ ಎಂದೇ ಕರೆಯುತ್ತಾರೆ.

ಈಗ ಹಾಡುಗಳಿಗೆ ಬರೋಣ. 1928ರಲ್ಲಿ ರಾಬರ್ಟ್ ವಿಲ್ಕಿನ್ಸ್ ಎಂಬ ಮಿಸಿಸಿಪ್ಪಿ ಮೂಲದ ಗಾಯಕ ಮೆಂಫಿಸ್ ನಗರದಲ್ಲಿ ವಿಕ್ಟರ್ ಎಂಬ ಧ್ವನಿಮುದ್ರಣ ಕಂಪನಿಗೆ ‘ರೋಲಿಂಗ್ ಸ್ಟೋನ್’ ಎಂಬ ಹಾಡನ್ನು ಎರಡು ಭಾಗಗಳಲ್ಲಿ ಹಾಡಿದರು. ಈ ಹೆಸರನ್ನು ಸ್ವಲ್ಪ ಕಟ್ಟಿಟ್ಟುಕೊಳ್ಳಿ, ಇವರು ಮತ್ತೆ ಬರುತ್ತಾರೆ.

ಎರಡನೆಯವರು ಮಡ್ಡಿ ವಾಟರ್ಸ್. ನಿಜವಾದ ಹೆಸರು ಮೆಕಿನ್ಲಿ ಮಾರ್ಗನ್‌ಫೀಲ್ಡ್. ಕ್ಲಾರ್ಕ್ಸ್‌ಡೇಲ್ ಊರಿನ ಬಳಿಯ ಸ್ಟೋವಾಲ್ ಎಂಬ ಹತ್ತಿ ಎಸ್ಟೇಟಿನಲ್ಲಿ ಅಜ್ಜಿಯ ಆಶ್ರಯದಲ್ಲಿ ಬೆಳೆದವರು, ಅಲ್ಲಿಯೇ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. 1941ರ ಬೇಸಿಗೆಯಲ್ಲಿ ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ಅಮೆರಿಕದ ಸಂಸತ್ ಗ್ರಂಥಾಲಯದ ಪರವಾಗಿ ಧ್ವನಿಮುದ್ರಣ ಯಂತ್ರವನ್ನು ಕಾರಿನಲ್ಲಿ ಹೇರಿಕೊಂಡು ಅವರ ಮನೆಗೆ ಹೋದರು. ತನ್ನ ದನಿಯನ್ನು ತಾನೇ ಮೊದಲ ಸಲ ಕೇಳಿದ ಆ ಟ್ರ್ಯಾಕ್ಟರ್ ಚಾಲಕನಿಗೆ ತಾನೂ ಗಾಯಕನಾಗಬಲ್ಲೆ ಎಂಬ ನಂಬಿಕೆ ಹುಟ್ಟಿತು. 1943ರಲ್ಲಿ ಕೂಲಿ ಹೆಚ್ಚಿಸಿ ಎಂದು ಎಸ್ಟೇಟಿನ ಮೇಲ್ವಿಚಾರಕನನ್ನು ಕೇಳಿದರು. ಅವನು ಒಪ್ಪಲಿಲ್ಲ. ಅವರು ಕ್ಲಾರ್ಕ್ಸ್‌ಡೇಲ್‌ನಲ್ಲಿ ರೈಲು ಹತ್ತಿ ಶಿಕಾಗೋ ಸೇರಿದರು. ಅಲ್ಲಿ ಹಗಲು ಕಾರ್ಖಾನೆ, ಲಾರಿ, ರಾತ್ರಿ ಗದ್ದಲದ ಮದ್ಯದಂಗಡಿಗಳಲ್ಲಿ ಹಾಡು. ಆ ಗದ್ದಲದಲ್ಲಿ ಮರದ ಗಿಟಾರಿನ ನಾದ ಯಾರಿಗೂ ಕೇಳಿಸುತ್ತಿರಲಿಲ್ಲವಾದ್ದರಿಂದ ವಿದ್ಯುತ್ ಗಿಟಾರ್ ಕೈಗೆ ಬಂತು.

1950ರ ಫೆಬ್ರುವರಿಯಲ್ಲಿ ಅವರು ‘ರೋಲಿನ್ ಸ್ಟೋನ್’ ಹಾಡಿದರು. ಹೊರತಂದವರು ಲೆನಾರ್ಡ್ ಮತ್ತು ಫಿಲ್ ಚೆಸ್ ಎಂಬ ಸಹೋದರರು, ಅವರೂ ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬದವರೇ. ಚೆಸ್ ಎಂಬ ಹೊಸ ಹೆಸರಿನಲ್ಲಿ ಅವರು ತಂದ ಮೊದಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಇದೊಂದು. ಈ ಹಾಡನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಡ್ರಮ್ ಇಲ್ಲ, ಪಕ್ಕವಾದ್ಯಗಳ ಹಂಗಿಲ್ಲ. ಒಂದು ದನಿ, ಒಂದು ವಿದ್ಯುತ್ ಗಿಟಾರ್. ಮಂದಗತಿಯ ಒಂದು ಎಳೆಯನ್ನು ಗಿಟಾರ್ ತಿರುತಿರುಗಿ ನುಡಿಸಿ ಥಟ್ಟನೆ ನಿಲ್ಲುತ್ತದೆ. ಆ ಖಾಲಿ ಜಾಗದಲ್ಲಿ ದನಿ ಬರುತ್ತದೆ, ಮುಗಿದೊಡನೆ ಗಿಟಾರ್ ಮತ್ತೆ ಉತ್ತರಿಸುತ್ತದೆ. ಮೊದಲ ಚರಣದಲ್ಲಿ ಅವನು ಆಳ ನೀರಿನ ಮೀನಾಗಲು ಬಯಸುತ್ತಾನೆ. ಆ ಭಾಗ ದಕ್ಷಿಣದಲ್ಲಿ ಅದಾಗಲೇ ಹತ್ತಾರು ಗಾಯಕರ ಬಾಯಲ್ಲಿದ್ದ ಹಳೆಯ ಹಾಡಿನದು. ಮುಂದಿನ ಒಂದು ಚರಣದಲ್ಲಿ ಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿದೆ. ಹುಟ್ಟಲಿರುವವನು ಗಂಡುಮಗು, ಅವನು ಉರುಳುವ ಕಲ್ಲಾಗುತ್ತಾನೆ ಎಂದು ತಾಯಿ ಮೊದಲೇ ತಂದೆಗೆ ಹೇಳುತ್ತಾಳೆ.

ಇಲ್ಲಿ ಗಾದೆಯ ಪಾಚಿ ಪೂರ್ತಿ ಬಿದ್ದುಹೋಗಿದೆ, ಕಲ್ಲು ಮಾತ್ರ ಉಳಿದಿದೆ. ಉಪದೇಶವೂ ಇಲ್ಲ. ಹುಟ್ಟುವ ಮುನ್ನವೇ ಬರೆದಿಟ್ಟ ಹಣೆಬರಹದಂತೆ ಆ ಮಾತು ಬರುತ್ತದೆ. ಅದರಲ್ಲಿ ಹೆಮ್ಮೆಯಿದೆ, ಅಷ್ಟೇ ಅಂಜಿಕೆಯೂ ಇದೆ. ಧಣಿಯ ಲೆಕ್ಕದ ಪುಸ್ತಕದಿಂದ ತಪ್ಪಿಸಿಕೊಂಡು ಬಂದ ಮನುಷ್ಯನ ಬಾಯಲ್ಲಿ ‘ನಾನು ನಿಲ್ಲುವವನಲ್ಲ’ ಎಂಬುದಕ್ಕೆ ಇರುವ ತೂಕ ಬೇರೆ ಯಾರ ಬಾಯಲ್ಲೂ ಬರುವುದಿಲ್ಲ.

ಬಿಳಿಯರ ಹಳ್ಳಿಗಾಡಿನ ಸಂಗೀತದಲ್ಲಿಯೂ ಇದೇ ಕಾಲಕ್ಕೆ ಉರುಳುವ ಕಲ್ಲು ಕಾಣಿಸಿಕೊಂಡಿತು. ಲಿಯಾನ್ ಪೇನ್ ಎಂಬ ಅಂಧ ಗಾಯಕ 1948ರಲ್ಲಿ ಬರೆದ ‘ಲಾಸ್ಟ್ ಹೈವೇ’ ಹಾಡನ್ನು 1949ರಲ್ಲಿ ಹ್ಯಾಂಕ್ ವಿಲಿಯಮ್ಸ್ ಹಾಡಿದರು. ತಾನೊಂದು ಉರುಳುವ ಕಲ್ಲು, ಒಂಟಿ, ದಾರಿ ತಪ್ಪಿದವನು ಎಂದೇ ಅದು ಆರಂಭವಾಗುತ್ತದೆ. ಅಲ್ಲಿರುವುದು ಬರೀ ಪಶ್ಚಾತ್ತಾಪ. ಹ್ಯಾಂಕ್ ವಿಲಿಯಮ್ಸ್ 1953ರ ಹೊಸ ವರ್ಷದ ದಿನ, 29ನೆಯ ವಯಸ್ಸಿನಲ್ಲಿ, ಸಂಗೀತ ಕಛೇರಿಯೊಂದಕ್ಕೆ ಹೋಗುತ್ತಿದ್ದ ಕಾರಿನ ಹಿಂದಿನ ಸೀಟಿನಲ್ಲೇ ತೀರಿಕೊಂಡರು.

ನಿಮ್ಮ ಮಗನ ಅಂಗಿಯ ಮೇಲಿರುವ ಬ್ಯಾಂಡಿನ ಹೆಸರು ನೇರವಾಗಿ ಗಾದೆಯಿಂದ ಬಂದದ್ದಲ್ಲ, ಮಡ್ಡಿ ವಾಟರ್ಸ್ ಹಾಡಿನಿಂದ ಬಂದದ್ದು. 1961ರಲ್ಲಿ ಲಂಡನ್ ಹತ್ತಿರದ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಎಂಬ ಹಳೆಯ ಸಹಪಾಠಿಗಳು ಮತ್ತೆ ಎದುರಾದಾಗ ಜಾಗರ್ ಕೈಯಲ್ಲಿ ಅಮೆರಿಕದ ಗಾಯಕ ಚಕ್ ಬೆರಿ ಮತ್ತು ಮಡ್ಡಿ ವಾಟರ್ಸ್ ಅವರ ತಟ್ಟೆಗಳಿದ್ದವು. ಮರುವರ್ಷ ಬ್ಯಾಂಡು ಕಟ್ಟಿದರು. ಕಾರ್ಯಕ್ರಮದ ಜಾಹೀರಾತು ಕೊಡಲು ಬ್ಯಾಂಡಿನ ಇನ್ನೊಬ್ಬ ಸದಸ್ಯ ಬ್ರಯಾನ್ ಜೋನ್ಸ್ ಒಂದು ಜಾಝ್ ಪತ್ರಿಕೆಗೆ ಫೋನ್ ಮಾಡಿದಾಗ ‘ನಿಮ್ಮ ಹೆಸರೇನು?’ ಎಂದು ಆ ಕಡೆಯವರು ಕೇಳಿದರಂತೆ. ಹೆಸರೇ ಇಟ್ಟಿರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಮಡ್ಡಿ ವಾಟರ್ಸ್ ತಟ್ಟೆಯ ಹಿಂಬದಿಯ ಹಾಡುಗಳ ಪಟ್ಟಿಯಲ್ಲಿ ಕಣ್ಣಿಗೆ ಬಿದ್ದ ಹೆಸರನ್ನು ಹೇಳಿಬಿಟ್ಟರು ಎಂಬುದು ರಿಚರ್ಡ್ಸ್ ಹೇಳುವ ಕಥೆ. 1962ರ ಜುಲೈ 12ರಂದು ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಆ ಹೆಸರಿನಲ್ಲಿ ಮೊದಲ ಕಛೇರಿ ನಡೆಯಿತು. 1964ರಲ್ಲಿ ಅವರು ಶಿಕಾಗೋಗೆ ಹೋಗಿ ಚೆಸ್ ಸ್ಟುಡಿಯೋದಲ್ಲೇ ಧ್ವನಿಮುದ್ರಣ ಮಾಡಿದರು. ಗುರುವಿನ ಮನೆಯ ಹೊಸ್ತಿಲಿಗೆ ಹೋಗಿ ನಿಂತಂತೆ ಅದು, ಆ ಹುಡುಗರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅವರು ಗುರುವಿನಿಂದ ಪಡೆದದ್ದು ಹಾಡನ್ನು. ಸಾಲದ ಹೊಲವನ್ನು ಅವರು ಕಂಡವರಲ್ಲ. ಲಂಡನ್ನಿನ ಆ ಹುಡುಗರಿಗೆ ಹಿಂತಿರುಗಲು ಮನೆಗಳಿದ್ದವು, ಮನೆ ಬಿಡುವುದಕ್ಕೆ ಷೆರಿಫನ ಭಯವೂ ಇರಲಿಲ್ಲ.

ರಾಬರ್ಟ್ ವಿಲ್ಕಿನ್ಸ್ ಮತ್ತೆ ಬರುವುದು ಇಲ್ಲಿ. 1930ರ ದಶಕದಲ್ಲೇ ಅವರು ಬ್ಲೂಸ್ ಹಾಡುವುದನ್ನು ಬಿಟ್ಟು ಚರ್ಚಿನ ಕಡೆ ತಿರುಗಿ, ಮುಂದೆ ಬೋಧಕರಾದರು. ಮೆಂಫಿಸ್‌ನಲ್ಲೇ ನೆಲೆ ನಿಂತು ಸಂಸಾರ ನಡೆಸಿದರು. 1929ರಲ್ಲಿ ತಾವು ಹಾಡಿದ್ದ ಒಂದು ಲೌಕಿಕ ಬ್ಲೂಸ್ ಹಾಡಿನ ಮಟ್ಟನ್ನೇ ಇಟ್ಟುಕೊಂಡು ಬೈಬಲ್ಲಿನ ಪೋಲಿಮಗನ ನೀತಿಕಥೆಯನ್ನು ಅದಕ್ಕೆ ಹೊಂದಿಸಿದರು. ತಂದೆಯಿಂದ ಪಾಲು ಪಡೆದು ದೂರದೇಶಕ್ಕೆ ಹೋಗಿ, ಎಲ್ಲವನ್ನೂ ಕಳೆದುಕೊಂಡು, ಹಂದಿ ಮೇಯಿಸುವ ಸ್ಥಿತಿಗೆ ಬಂದು, ಕೊನೆಗೆ ಮನೆಗೆ ಮರಳುವ ಮಗನ ಕಥೆ ಅದು. 1968ರಲ್ಲಿ ರೋಲಿಂಗ್ ಸ್ಟೋನ್ಸ್ ತಮ್ಮ ‘ಬೆಗರ್ಸ್ ಬ್ಯಾಂಕ್ವೆಟ್’ ಆಲ್ಬಂನಲ್ಲಿ ಈ ಹಾಡನ್ನು ಹಾಡಿದರು. ಮೊದಲ ಮುದ್ರಣಗಳಲ್ಲಿ ಹಾಡು ಕಟ್ಟಿದವರ ಜಾಗದಲ್ಲಿ ಜಾಗರ್ ಮತ್ತು ರಿಚರ್ಡ್ಸ್ ಹೆಸರು ಅಚ್ಚಾಗಿತ್ತು, ಆಮೇಲೆ ತಿದ್ದಿ ವಿಲ್ಕಿನ್ಸ್ ಹೆಸರನ್ನು ಹಾಕಲಾಯಿತು. ಈ ಗಾದೆಯನ್ನು ಬ್ಲೂಸ್ ತಟ್ಟೆಗೆ ತಂದ ಮೊದಲಿಗರಲ್ಲಿ ಒಬ್ಬರಾದ ಹಿರಿಯರು ಸ್ವತಃ ಉರುಳುವುದನ್ನು ನಿಲ್ಲಿಸಿ, ಮನೆಗೆ ಮರಳುವವನ ಹಾಡು ಕಟ್ಟಿದರು. ಅದೇ ಹೆಸರಿನ ಬ್ಯಾಂಡು ಆ ಹಾಡನ್ನು ಜಗತ್ತಿಗೆಲ್ಲ ಕೇಳಿಸಿತು. ಈ ಇಡೀ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಅತಿ ಹೆಚ್ಚು ತಟ್ಟುವ ಪ್ರಸಂಗ ಇದು.

ಡಿಲನ್ ಅವರ ದಾರಿ ಬೇರೆ. ಅವರು ಬ್ಯಾಂಡಿನಿಂದ ಈ ಮಾತನ್ನು ಎರವಲು ಪಡೆಯಬೇಕಾಗಿರಲಿಲ್ಲ, ಹ್ಯಾಂಕ್ ವಿಲಿಯಮ್ಸ್ ಹಾಡುಗಳನ್ನು ಹುಡುಗನಾಗಿದ್ದಾಗಿನಿಂದ ಕೇಳಿಕೊಂಡೇ ಬೆಳೆದವರು. 1965ರ ವಸಂತದಲ್ಲಿ ಅವರ ಇಂಗ್ಲೆಂಡ್ ಪ್ರವಾಸದ ಬಗ್ಗೆ ತೆಗೆದ ಸಾಕ್ಷ್ಯಚಿತ್ರದಲ್ಲಿ ಹೋಟೆಲ್ ಕೋಣೆಯೊಂದರಲ್ಲಿ ಗೆಳೆಯರ ಜೊತೆ ಅದೇ ‘ಲಾಸ್ಟ್ ಹೈವೇ’ಯನ್ನು ಗುನುಗುವುದು ಕಾಣುತ್ತದೆ. ಊರಿಗೆ ಮರಳಿ ಪುಟಗಟ್ಟಲೆ ಬರೆದದ್ದನ್ನು ಹಿಂಡಿ ‘ಲೈಕ್ ಎ ರೋಲಿಂಗ್ ಸ್ಟೋನ್’ ಮಾಡಿದರು. ಜೂನ್ 15 ಮತ್ತು 16ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯಿತು. ಮೂರು ನಿಮಿಷದ ಹಾಡುಗಳ ಆ ಕಾಲದಲ್ಲಿ ಇದು ಆರು ನಿಮಿಷ ದಾಟಿತ್ತು, ಆದರೂ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು.

ಹೆಚ್ಚಿನವರು ಪಲ್ಲವಿಯನ್ನು ಮಾತ್ರ ಕೂಗುತ್ತಾ ಇದನ್ನು ಸ್ವಾತಂತ್ರ್ಯಗೀತೆ ಎಂದುಕೊಂಡಿದ್ದಾರೆ. ಚರಣಗಳನ್ನು ಓದಿದರೆ ಬೇರೆಯೇ ಕಾಣುತ್ತದೆ. ಒಂದು ಕಾಲಕ್ಕೆ ಒಳ್ಳೆಯ ಉಡುಪು ತೊಟ್ಟು ಭಿಕ್ಷುಕರಿಗೆ ಕಾಸು ಎಸೆಯುತ್ತಿದ್ದ ಹೆಣ್ಣು ಈಗ ಮುಂದಿನ ಊಟಕ್ಕೆ ಪರದಾಡುತ್ತಿದ್ದಾಳೆ. ಮನೆಯಿಲ್ಲದೆ, ಯಾರ ಗುರುತೂ ಇಲ್ಲದೆ ಇರುವುದು ಹೇಗನ್ನಿಸುತ್ತಿದೆ ಎಂದು ಹಾಡು ಅವಳನ್ನು ಕೆಣಕಿ ಕೇಳುತ್ತದೆ. ಆ ದನಿಯಲ್ಲಿ ಸೇಡಿದೆ. ಹಾಗೆಯೇ, ಕಳೆದುಕೊಳ್ಳಲು ಇನ್ನೇನೂ ಉಳಿಯದವಳು ಹಗುರಾಗುತ್ತಾಳೆ ಎಂಬ ಸುಳಿವೂ ಇದೆ. ಗುರುವೇ, ನಿಮ್ಮ ಗಾದೆಯ ಹಳೆಯ ಎಚ್ಚರಿಕೆ ಈ ಹಾಡಿನಲ್ಲಿ ಪೂರ್ತಿ ಜೀವಂತವಾಗಿದೆ. ಇದನ್ನು ಮಗನಿಗೆ ಧಾರಾಳವಾಗಿ ಹೇಳಬಹುದು.

ಪತ್ರಿಕೆಯ ವಿಷಯ ಸರಳ. 1967ರ ನವೆಂಬರ್ 9ರ ದಿನಾಂಕ ಹೊತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ರೋಲಿಂಗ್ ಸ್ಟೋನ್’ ಆರಂಭವಾಯಿತು. 21 ವರ್ಷದ ಯಾನ್ ವೆನ್ನರ್ ಮತ್ತು ಹಿರಿಯ ಸಂಗೀತ ವಿಮರ್ಶಕ ರಾಲ್ಫ್ ಗ್ಲೀಸನ್ ಸ್ಥಾಪಕರು, ಬಂಡವಾಳ ಏಳೂವರೆ ಸಾವಿರ ಡಾಲರ್. ಗಾದೆ, ಮಡ್ಡಿ ವಾಟರ್ಸ್ ಹಾಡು, ಬ್ಯಾಂಡು, ಡಿಲನ್ ಹಾಡು ಇವೆಲ್ಲವನ್ನೂ ಮೊದಲ ಸಂಚಿಕೆಯಲ್ಲೇ ನೆನೆಯಲಾಗಿತ್ತು. ಹೀಗೆ ಮೂರಕ್ಕೂ ಒಂದೇ ಬೇರು ಎಂಬ ನಿಮ್ಮ ಮಗನ ಮಾತು ಸರಿಯೇ. ನಡುವೆ ನಿಂತ ಮಡ್ಡಿ ವಾಟರ್ಸ್ ಹೆಸರನ್ನು ಅವನು ಸೇರಿಸಿಕೊಂಡರೆ ಸಾಕು. 1977ರಲ್ಲಿ ಪತ್ರಿಕೆ ನ್ಯೂಯಾರ್ಕಿಗೆ ಸ್ಥಳಾಂತರವಾಯಿತು.

ಹೊಗಳಿಕೆಯ ಅರ್ಥ ಗಟ್ಟಿಯಾಗಿ ನೆಲೆಯೂರಿದ್ದು ಈ ವರ್ಷಗಳಲ್ಲೇ. ಯುದ್ಧಾನಂತರದ ಸಮೃದ್ಧಿಯಲ್ಲಿ ಬೆಳೆದ ಬಿಳಿಯ ಮಧ್ಯಮವರ್ಗದ ಮಕ್ಕಳಿಗೆ ಅಪ್ಪನ ನೌಕರಿ, ಊರಾಚೆಯ ಸಾಲುಮನೆ, ಇಪ್ಪತ್ತೈದು ವರ್ಷ ಒಂದೇ ಕಂಪನಿ ಇವೇ ಪಾಚಿಯಾಗಿ ಕಂಡವು. ವಿಯೆಟ್ನಾಂ ಯುದ್ಧಕ್ಕೆ ಕಡ್ಡಾಯ ಸೇನಾ ಭರ್ತಿಯ ಕರೆ ಯಾವಾಗ ಬರುತ್ತದೋ ಎಂಬ ಭಯ ಬೇರೆ. ಅವರ ಚಡಪಡಿಕೆ ಸುಳ್ಳಲ್ಲ. ಆದರೆ ಹೊಲದಿಂದ ಓಡಿದವರ ಚಡಪಡಿಕೆಯೂ ಅದೂ ಒಂದೇ ಎಂದು ನಾನು ಹೇಳಲಾರೆ.

ಇದಕ್ಕೆ ಉತ್ತರ ಮತ್ತೆ ಕಪ್ಪು ಗಾಯಕರಿಂದಲೇ ಬಂತು. 1972ರಲ್ಲಿ ಟೆಂಪ್ಟೇಷನ್ಸ್ ತಂಡ ‘ಪಾಪಾ ವಾಸ್ ಎ ರೋಲಿನ್ ಸ್ಟೋನ್’ ಹಾಡಿತು. ಬರೆದವರು ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್. ಅಪ್ಪ ಸತ್ತಿದ್ದಾನೆ. ಮಕ್ಕಳು ಒಬ್ಬೊಬ್ಬರಾಗಿ ತಾಯಿಯನ್ನು ಕೇಳುತ್ತಾರೆ: ಜನ ಆಡಿಕೊಳ್ಳುವುದೆಲ್ಲ ನಿಜವೇ, ಅವನು ದುಡಿಯಲೇ ಇಲ್ಲವೇ, ಬೇರೆಡೆ ಇನ್ನೊಂದು ಸಂಸಾರ ಇತ್ತೇ? ತಾಯಿಯ ಉತ್ತರ ಒಂದೇ, ಅವನು ಉರುಳುವ ಕಲ್ಲಾಗಿದ್ದ, ನಮಗೆ ಬಿಟ್ಟುಹೋದದ್ದು ಒಂಟಿತನವನ್ನು. ಮಡ್ಡಿ ವಾಟರ್ಸ್ ಹಾಡಿನಲ್ಲಿ ಹುಟ್ಟಲಿದ್ದ ಗಂಡುಮಗು ಇಲ್ಲಿ ಸತ್ತ ಅಪ್ಪನಾಗಿ ಬಂದಿದ್ದಾನೆ ಎಂದೇ ನಾನು ಕೇಳಿಸಿಕೊಳ್ಳುತ್ತೇನೆ. ಹೋದವನ ಸ್ವಾತಂತ್ರ್ಯದ ಬೆಲೆಯನ್ನು ಉಳಿದವರು ತೆತ್ತರು ಎಂದು ಇಷ್ಟು ನೇರವಾಗಿ ಹೇಳಿದ ಇನ್ನೊಂದು ಜನಪ್ರಿಯ ಹಾಡನ್ನು ನಾನು ಕೇಳಿಲ್ಲ.

ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಬದುಕೂ ಗಾದೆಯನ್ನು ಪರೀಕ್ಷೆಗೆ ಒಡ್ಡಿತು. 1971ರಲ್ಲಿ ಅವರು ಇಂಗ್ಲೆಂಡ್ ಬಿಟ್ಟು ಫ್ರಾನ್ಸಿಗೆ ಹೋದದ್ದು ಭಾರೀ ತೆರಿಗೆಯಿಂದ ತಪ್ಪಿಸಿಕೊಳ್ಳಲು. 2005ರಿಂದ 2007ರವರೆಗಿನ ಅವರ ವಿಶ್ವಪ್ರವಾಸ 55 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿ ಆ ಕಾಲದ ದಾಖಲೆ ಮಾಡಿತು. ಉರುಳುವುದೇ ಸಂಪತ್ತಿನ ಮೂಲವಾದರೆ ಹೇವುಡ್‌ನ ಕಾಲದ ಲೆಕ್ಕ ನಡೆಯುವುದಿಲ್ಲ. ಆ ಕಲ್ಲು ಬೆಂಗಳೂರಿಗೂ ಉರುಳಿ ಬಂದಿತ್ತು. ಭಾರತದಲ್ಲಿ ಅವರ ಮೊದಲ ಕಛೇರಿ ನಡೆದದ್ದು 2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ, ಅದಾದ ಮೂರು ದಿನಕ್ಕೆ ಮುಂಬೈಯಲ್ಲಿ. ಅಂಗಿಯ ಮೇಲಿನ ಆ ನಾಲಿಗೆಗೂ ನಮ್ಮೊಂದಿಗೆ ನಂಟಿದೆ. 1970ರಲ್ಲಿ ಜಾನ್ ಪಾಶ್ ಎಂಬ ಲಂಡನ್ನಿನ ಕಲಾ ವಿದ್ಯಾರ್ಥಿಗೆ ಲಾಂಛನ ಬರೆಯಲು ಹೇಳಿದಾಗ ಜಾಗರ್ ತೋರಿಸಿದ್ದು ನಾಲಿಗೆ ಚಾಚಿದ ಕಾಳಿಯ ಚಿತ್ರವನ್ನು. ಆ ವಿದ್ಯಾರ್ಥಿಗೆ ಸಿಕ್ಕಿದ ಸಂಭಾವನೆ 50 ಪೌಂಡ್.

ಇನ್ನು ನಿಮ್ಮಿಬ್ಬರಲ್ಲಿ ಯಾರು ಸರಿ ಎಂಬ ಪ್ರಶ್ನೆ. ಮಗ ಯಾವುದರಿಂದ ಹೊರಡುತ್ತಿದ್ದಾನೆ, ಹಿಂದೆ ಯಾರನ್ನು ಬಿಟ್ಟು ಹೊರಡುತ್ತಿದ್ದಾನೆ ಎಂದು ತಿಳಿಯದೆ ನಾನು ತೀರ್ಪು ಕೊಡುವುದು ತರವಲ್ಲ. ಹಾಡುಗಳು ಕೇಳುವುದೂ ಆ ಎರಡು ಪ್ರಶ್ನೆಗಳನ್ನೇ. ಇಬ್ಬರೂ ಕೂಡಿ ಕೇಳುವುದಾದರೆ ಬ್ಯಾಂಡಿನಿಂದ ಆರಂಭಿಸಬೇಡಿ. ಮೊದಲು ಮಡ್ಡಿ ವಾಟರ್ಸ್, ಆಮೇಲೆ ಹ್ಯಾಂಕ್ ವಿಲಿಯಮ್ಸ್, ಡಿಲನ್, ನಂತರ ವಿಲ್ಕಿನ್ಸ್ ಅವರೇ ಹಾಡಿದ ಪೋಲಿಮಗನ ಹಾಡು, ಅದರ ಬೆನ್ನಿಗೇ ಸ್ಟೋನ್ಸ್ ಹಾಡಿದ್ದು. ಕೊನೆಗೆ ಟೆಂಪ್ಟೇಷನ್ಸ್. ಆ ಹಾಡಿಗೆ ಏಳು ನಿಮಿಷದ ಕತ್ತರಿಸಿದ ರೂಪವೂ ಇದೆ, ಅದನ್ನು ಬಿಡಿ. ಆಲ್ಬಂನಲ್ಲಿರುವ ಹನ್ನೆರಡು ನಿಮಿಷದ್ದನ್ನು ಹುಡುಕಿ. ಅದರಲ್ಲಿ ದನಿ ಬರುವ ಮುನ್ನ ಸುಮಾರು ನಾಲ್ಕು ನಿಮಿಷ ಬರೀ ವಾದ್ಯಗಳಿವೆ, ಆ ಭಾಗವನ್ನು ಮುಂದೆ ಓಡಿಸದೆ ಕೇಳಿ.